ಪೆನ್ಸಿಲ್ ಆಮೇಲೆ, ಮೊದಲು ಟೇಪ್: ಹದಿಹರೆಯದ ಮಕ್ಕಳಿಗೆ ನಗರ ವಿನ್ಯಾಸದ ರುಚಿ ಹತ್ತಿಸುವುದು ಹೇಗೆ?

ಮೊದಲ ಸಲ ನಾನು ಮಾಡಿದ್ದೇ ತಪ್ಪು. ಹದಿನಾಲ್ಕು ಮಕ್ಕಳನ್ನು ಒಂದು ಹಾಲ್‌ನಲ್ಲಿ ಕೂರಿಸಿ, ಚಾರ್ಟ್ ಶೀಟ್ ಹಂಚಿ, "ನಿಮ್ಮ ಬಡಾವಣೆಗೆ ಒಂದು ಪಾರ್ಕ್ ಬಿಡಿಸಿ" ಅಂದೆ. ಗಂಟೆ ಬಿಟ್ಟು ನೋಡಿದರೆ ಹನ್ನೊಂದು ಹಾಳೆಗಳಲ್ಲಿ ನಟ್ಟನಡುವೆ ಕಾರಂಜಿ. ಅದರ ಸುತ್ತ ಗುಂಡಗೆ ಹೂವಿನ ಪಾತಿ. ಒಬ್ಬನದ್ದರಲ್ಲಿ ಸಿಮೆಂಟಿನ ಡೈನೋಸಾರ್ ಕೂಡ ಇತ್ತು. ನೆರಳು ಎಲ್ಲಿ ಬೀಳುತ್ತದೆ, ಮಳೆ ನೀರು ಎಲ್ಲಿಗೆ ಹೋಗುತ್ತದೆ, ಮಂಡಿ ನೋವಿನ ಅಜ್ಜಿ ಎಲ್ಲಿ ಕೂರುತ್ತಾಳೆ, ಯಾರೂ ಬಿಡಿಸಿರಲಿಲ್ಲ. ಶೌಚಾಲಯವಂತೂ ಒಂದರಲ್ಲೂ ಇಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರು ನೋಡಿದ ಪಾರ್ಕುಗಳೇ ಹಾಗಿವೆ, ಅಲ್ವಾ?

ಆಮೇಲಿಂದ ಕ್ರಮ ತಿರುವು ಮುರುವು ಮಾಡಿದೆ. ಮೊದಲು ಅಳೆಯುವುದು, ಕೂತು ನೋಡುವುದು, ನೀರಿನ ಹಿಂದೆ ನಡೆಯುವುದು. ಬಿಡಿಸುವುದು ಕಟ್ಟಕಡೆಗೆ. ಕೆಳಗೆ ಬರೆದಿರುವುದು ಆ ಕ್ರಮ. ನೀವು ಮೇಷ್ಟ್ರೋ, ಮೇಡಮ್ಮೋ, ಅಪಾರ್ಟ್‌ಮೆಂಟಿನ ಮಕ್ಕಳನ್ನು ಒಟ್ಟು ಮಾಡಬಲ್ಲ ಅಪ್ಪ-ಅಮ್ಮನೋ ಆಗಿದ್ದರೆ ಸಾಕು. ಆರ್ಕಿಟೆಕ್ಟ್ ಆಗಿರಬೇಕಿಲ್ಲ.

ಶುರು ಮಾಡುವ ಮುಂಚೆ

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂದರೆ ಲಾನ್ ಹಾಕಿಸುವ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮನೆಯ ಗೋಡೆಯ ಒಳಗಿನದನ್ನು ಆರ್ಕಿಟೆಕ್ಟ್ ನೋಡಿಕೊಂಡರೆ, ಹೊರಗಿನ ಮಣ್ಣು, ಇಳಿಜಾರು, ನೀರು, ಮರ, ದಾರಿ, ಕೂರುವ ಜಾಗ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಪಾಲಿಗೆ. ಅರ್ಬನ್ ಡಿಸೈನ್ ಅಂದರೆ ಕಟ್ಟಡ, ರಸ್ತೆ, ಸರ್ಕಲ್, ಮಾರ್ಕೆಟ್ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಜನ ಓಡಾಡಲು, ನಿಲ್ಲಲು ಆಗುವಂತೆ ಮಾಡುವುದು. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು. ಮಕ್ಕಳಿಗೆ ಮೊದಲ ದಿನವೇ ಈ ಪಾಠ ಒಪ್ಪಿಸಬೇಡಿ. ಮೂರನೇ ವಾರ ಅವರೇ ಕೇಳುತ್ತಾರೆ.

ಆರರಿಂದ ಹತ್ತು ಮಕ್ಕಳು ಸರಿಯಾದ ಲೆಕ್ಕ. ವಯಸ್ಸು 13ರಿಂದ 17. ಆರು ಭಾನುವಾರ, ಹೆಚ್ಚಾಗಿ ಬೆಳಿಗ್ಗೆ 7ರಿಂದ 9.30. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳು ಬೇಡ, ಯಾರೂ ಬರುವುದಿಲ್ಲ. ಪ್ರತಿಯೊಬ್ಬರ ಮನೆಯವರಿಂದ ಒಪ್ಪಿಗೆ ಚೀಟಿ ತಗೊಳ್ಳಿ. ಇಬ್ಬರು ದೊಡ್ಡವರು ಜೊತೆಗಿರಲಿ.

ಸಾಮಾನು ಅಂದರೆ 5 ಮೀಟರಿನ ಒಂದು ಟೇಪ್, 30 ಮೀಟರಿನ ಇನ್ನೊಂದು, ಸೀಮೆಸುಣ್ಣ, ಗ್ರಾಫ್ ಪುಸ್ತಕ, ಹಗ್ಗ, ಎರಡು ಗೋಲಿ, ಒಂದು ಬಕೆಟ್. ಗೋಲಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ನೆನಪಿನ ನಕ್ಷೆ

ಫೋನ್ ಮುಟ್ಟದೆ, ಮನೆಯಿಂದ ಸ್ಕೂಲಿಗೋ ಟ್ಯೂಷನ್‌ಗೋ ಹೋಗುವ ದಾರಿಯನ್ನು ನೆನಪಿನಿಂದಲೇ ಬಿಡಿಸಲು ಹೇಳಿ. ಹದಿನೈದು ನಿಮಿಷ ಸಾಕು. ಚೆನ್ನಾಗಿರಬೇಕಿಲ್ಲ.

ಇದು ಕೆವಿನ್ ಲಿಂಚ್ ಎಂಬ ಅಮೆರಿಕದ ನಗರ ಯೋಜಕ ಬಳಸಿದ ಉಪಾಯ. ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್‌ನ ಜನರಿಂದ ಹೀಗೆ ನಕ್ಷೆ ಬರೆಸಿ, ಊರು ಜನರ ತಲೆಯಲ್ಲಿ ಹೇಗೆ ಕೂತಿರುತ್ತದೆ ಅಂತ 1960ರಲ್ಲಿ ವಿವರಿಸಿದವರು. ದಾರಿ, ಅಂಚು, ಪ್ರದೇಶ, ಜನ ಸೇರುವ ಸರ್ಕಲ್‌ನಂಥ ಜಾಗ, ಗುರುತು. ಈ ಐದು ಸಿಕ್ಕರೆ ಊರು ನೆನಪಿನಲ್ಲಿ ಉಳಿಯುತ್ತದೆ. ನಾವು ಯಾರಿಗಾದರೂ ದಾರಿ ಹೇಳುವಾಗ "ಆಂಜನೇಯನ ಗುಡಿ ಹತ್ರ ಲೆಫ್ಟ್ ತಗೊಳ್ಳಿ" ಅನ್ನುತ್ತೇವಲ್ಲ, ಅದು ಐದನೆಯದು.

ಲಿಂಚ್ 1970ರ ದಶಕದಲ್ಲಿ ಯುನೆಸ್ಕೊ ಜೊತೆ ಸೇರಿ ಬೇರೆ ಬೇರೆ ದೇಶದ ನಗರಗಳ ಮಕ್ಕಳ ಜೊತೆಗೂ ಇಂಥದ್ದೇ ಕೆಲಸ ಮಾಡಿದರು. 1990ರ ದಶಕದಲ್ಲಿ ಅದನ್ನು ಮತ್ತೆ ಶುರು ಮಾಡಿದಾಗ ಆರಿಸಿದ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಸತ್ಯನಗರವೂ ಒಂದು. ಅಂದರೆ ಮಕ್ಕಳ ಕೈಲಿ ನಕ್ಷೆ ಬರೆಸುವುದು ನಮ್ಮೂರಿಗೆ ಹೊಸದೇನಲ್ಲ.

ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಎಲ್ಲರೂ ನಿಂತು ನೋಡಿ. ನನ್ನ ಗುಂಪಿನಲ್ಲಿ ಸ್ಕೂಲ್ ವ್ಯಾನ್‌ನಲ್ಲಿ ಹೋಗುವ ಒಬ್ಬ ಹುಡುಗ ಎರಡು ಚೌಕ ಬರೆದು ನಡುವೆ ಒಂದು ಗೆರೆ ಎಳೆದಿದ್ದ. ನಾಲ್ಕು ಕಿಲೋಮೀಟರ್ ದಾರಿ, ಒಂದು ಗೆರೆ! ನಡೆದು ಹೋಗುವವಳ ಹಾಳೆಯಲ್ಲಿ ಹಿಟ್ಟಿನ ಗಿರಣಿ, ಕಚ್ಚುವ ನಾಯಿ, ಇಸ್ತ್ರಿ ಗಾಡಿ ಎಲ್ಲ ಇತ್ತು. ಇನ್ನೊಬ್ಬಳ ದಾರಿ ಮಾತ್ರ ಸುಮ್ನೆ ಒಂದು ಸುತ್ತು ಹಾಕಿ ಬಂದಿತ್ತು. ಯಾಕೆ ಅಂತ ಕೇಳಿದೆ. "ಆ ರೋಡಲ್ಲಿ ಬಾರ್ ಇದೆ ಅಂಕಲ್, ಲೈಟೂ ಇಲ್ಲ" ಅಂದಳು. ಉಳಿದ ಹುಡುಗರಿಗೆ ಆ ರಸ್ತೆ ದಿನಾ ಓಡಾಡುವ ಶಾರ್ಟ್‌ಕಟ್. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಂಥ ಕಡೆ ನೀವೂ ಭಾಷಣ ಶುರು ಮಾಡಬೇಡಿ. ಆ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿ, ಮುಂದೆ ಹೋಗಿ.

ಹಂತ 2: ನೂರೇ ನೂರು ಮೀಟರ್

ಇಡೀ ಬಡಾವಣೆ ಬೇಡ. ಮಕ್ಕಳಿಗೆ ಗೊತ್ತಿರುವ ಒಂದು ಬೀದಿಯ 100 ಮೀಟರ್ ಆರಿಸಿ. ಆರು ವಾರವೂ ಇದೇ ಜಾಗ. ಬೇಜಾರಾಗುವುದಿಲ್ಲವೇ ಅಂದರೆ, ಎರಡನೇ ವಾರ ಆಗುತ್ತದೆ, ಮೂರನೇ ವಾರ ಹೋಗುತ್ತದೆ.

ಟೇಪ್ ಬಿಚ್ಚುವ ಮೊದಲು ಪ್ರತಿಯೊಬ್ಬರೂ ತಮ್ಮ ಗೇಣು, ಮೊಳ, ಮಾರು ಅಳೆದು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ. ಹೂವಾಡಗಿತ್ತಿ ಮಲ್ಲಿಗೆ ಅಳೆಯುವುದನ್ನು ನೋಡಿರುವ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಟೇಪ್ ಇಲ್ಲದ ಕಡೆ ಬೆಂಚಿನ ಎತ್ತರ ಎರಡು ಗೇಣು, ಗೇಟಿನ ಅಗಲ ಎರಡು ಮಾರು ಅಂತ ಅಂದಾಜು ಮಾಡುವ ಕೈ ಬರುತ್ತದೆ. ಹತ್ತು ಹೆಜ್ಜೆ ನಡೆದು ಅಳೆದು, ಹತ್ತರಿಂದ ಭಾಗಿಸಿದರೆ ತಮ್ಮ ಹೆಜ್ಜೆಯ ಉದ್ದವೂ ಸಿಗುತ್ತದೆ.

ಈಗ ಹಗ್ಗದ ಆಟ. ರಸ್ತೆಗಳ ಅಳತೆ, ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು. ರಸ್ತೆ ಅಂಚಿನ ಕಲ್ಲು 15 ಸೆಂಟಿಮೀಟರ್ ಮೀರಬಾರದು. 1.8 ಮೀಟರ್ ಹಗ್ಗ ಕತ್ತರಿಸಿ, ಎರಡು ತುದಿ ಇಬ್ಬರ ಕೈಗೆ ಕೊಡಿ. ಹಗ್ಗ ಬಿಗಿಯಾಗಿ ಹಿಡಿದು ಪಕ್ಕಪಕ್ಕದಲ್ಲೇ ನಡೆಯಬೇಕು. ಎಲ್ಲಿ ಹಗ್ಗ ಸಡಿಲ ಮಾಡಬೇಕಾಯಿತೋ, ಎಲ್ಲಿ ರಸ್ತೆಗೆ ಇಳಿಯಬೇಕಾಯಿತೋ ಅಲ್ಲಿ ಮೂರನೆಯವರು ಸೀಮೆಸುಣ್ಣದಲ್ಲಿ ಅಡ್ಡಗೆರೆ ಹಾಕುತ್ತಾರೆ. ನಮ್ಮ ನೂರು ಮೀಟರಿನಲ್ಲಿ ಹದಿನೇಳು ಅಡ್ಡಗೆರೆ ಬಿತ್ತು. ಟ್ರಾನ್ಸ್‌ಫಾರ್ಮರ್, ಕೇಬಲ್ ಸುರುಳಿ, ಎದ್ದ ಚಪ್ಪಡಿ, ಮನೆಯವರು ಕಾರು ಹತ್ತಿಸಲು ಹಾಕಿದ ಸಿಮೆಂಟ್ ಇಳಿಜಾರು. ಕೊನೆಯದರ ಮುಂದೆ ಒಬ್ಬ ಹುಡುಗ ತಲೆ ಕೆರೆದುಕೊಂಡ. ಅದು ಅವನದ್ದೇ ಮನೆ.

ಚಕ್ರವಿರುವ ಸೂಟ್‌ಕೇಸ್ ಒಂದನ್ನು ತುಂಬಿಸಿ ಅದೇ ದಾರಿಯಲ್ಲಿ ಎಳೆಸಿ. ಗಾಲಿಕುರ್ಚಿಯಲ್ಲಿ ಹೋಗುವವರ ಪಾಡು ತೋಳಿಗೇ ತಿಳಿಯುತ್ತದೆ. ಇಳಿಜಾರಿಗೆ 1:12 ಅನ್ನುವ ಲೆಕ್ಕವನ್ನೂ ಇಲ್ಲೇ ಹೇಳಿಕೊಡಿ. ಒಂದು ಸೆಂಟಿಮೀಟರ್ ಏರಲು 12 ಸೆಂಟಿಮೀಟರ್ ಉದ್ದ ಬೇಕು. 15 ಸೆಂಟಿಮೀಟರ್ ಮೆಟ್ಟಿಲಿಗೆ 1.8 ಮೀಟರ್ ಉದ್ದದ ರ‍್ಯಾಂಪ್. ಅಂಗಡಿಗಳ ಮುಂದಿನ ರ‍್ಯಾಂಪ್ ಅಳೆದು ನೋಡಲಿ, ನಗು ಬರುತ್ತದೆ.

ಹಂತ 3: ಕೂತು ಎಣಿಸುವುದು

ನನಗೆ ಜಾಸ್ತಿ ಇಷ್ಟವಾದ ಹಂತ ಇದು. ಮಕ್ಕಳಿಗೆ ಮೊದಲು ಕಷ್ಟ, ಯಾಕೆಂದರೆ ಅರ್ಧ ಗಂಟೆ ಏನೂ ಮಾಡದೆ ಕೂರಬೇಕು.

ಜನ ಸೇರುವ ಒಂದು ಜಾಗ ಹಿಡಿಯಿರಿ. ಅರಳಿಕಟ್ಟೆ, ಬಸ್ ಸ್ಟಾಪ್, ಹಾಲಿನ ಬೂತ್, ಏನಾದರೂ ಸರಿ. ಹತ್ತು ನಿಮಿಷಕ್ಕೊಮ್ಮೆ ಎಷ್ಟು ಜನ ನಿಂತಿದ್ದಾರೆ, ಎಷ್ಟು ಜನ ಕೂತಿದ್ದಾರೆ, ಎಲ್ಲಿ, ಗಂಡೋ ಹೆಣ್ಣೋ, ಮಕ್ಕಳೋ ವಯಸ್ಸಾದವರೋ ಅಂತ ನಕ್ಷೆಯ ಮೇಲೆ ಚುಕ್ಕಿ ಇಡಬೇಕು. ಒಂದೇ ನಿಯಮ: ಜನರ ಫೋಟೋ ತೆಗೆಯುವಂತಿಲ್ಲ. ಯಾರಾದರೂ "ಏನ್ ಮರಿ ಬರೀತಿದ್ದೀಯಾ" ಅಂದರೆ ಪುಸ್ತಕ ತೋರಿಸಿ ಹೇಳಬೇಕು. ಹಾಗೆ ಕೇಳಿದ ತಾತಂದಿರಿಂದಲೇ ಆ ಜಾಗದ ಕಥೆ ಸಿಗುವುದು.

1970ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ವೈಟ್ ಅನ್ನುವವರು ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದರು. ಕೆಲವು ಬಯಲು ತುಂಬಿ ತುಳುಕುತ್ತವೆ, ಕೆಲವು ಖಾಲಿ ಹೊಡೆಯುತ್ತವೆ, ಯಾಕೆ? ಅವರಿಗೆ ಸಿಕ್ಕ ಉತ್ತರ ಕೇಳಿದರೆ ಮಕ್ಕಳು ನಗುತ್ತಾರೆ: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ.

ನಮ್ಮ ಅರಳಿಕಟ್ಟೆಗೆ ಇದು ಎಂದೋ ಗೊತ್ತಿತ್ತು. ಮಕ್ಕಳಿಂದ ಒಂದು ಕಟ್ಟೆ ಅಳೆಸಿ ನೋಡಿ. ಹಳೆಯ ಕಟ್ಟೆಯ ಎತ್ತರ ಎಷ್ಟೋ ಕಡೆ ಮೊಳಕ್ಕೆ ಹತ್ತಿರ ಇರುತ್ತದೆ, ಅಂದರೆ ಕುರ್ಚಿಯ ಎತ್ತರ. ಮೇಲೆ ನೆರಳು. ಬೆನ್ನಿಗೆ ಮರ. ಎದುರಿಗೆ ಬರುವ ಹೋಗುವ ಜನ. ಎಲ್ಲಿಗೋ ಹೋಗುವ ದಾರಿಯಲ್ಲೇ ಇರುತ್ತದೆ, ಅದಕ್ಕಾಗಿಯೇ ಹೋಗಬೇಕಿಲ್ಲ. ಈಗ ಅದೇ ಬೀದಿಯ ಹೊಸ ಪಾರ್ಕಿಗೆ ಹೋಗಿ ಬೆಂಚು ನೋಡಿ. ಬಿಸಿಲಲ್ಲಿ, ಗೋಡೆಗೆ ಮುಖ ಮಾಡಿ, ದಾನಿಯ ಹೆಸರು ಬೆನ್ನಿಗೆ ಒತ್ತುವಂತೆ ಹಾಕಿರುತ್ತಾರೆ. ಅದರ ಮೇಲೆ ಚುಕ್ಕಿ ಬೀಳುವುದಿಲ್ಲ.

ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ಎಣಿಸಿ. ದೀಪ ಹತ್ತಿದ ಮೇಲೆ ಹೆಂಗಸರ ಚುಕ್ಕಿ ಎಷ್ಟು ಉಳಿಯುತ್ತದೆ ಅಂತ ಮಕ್ಕಳೇ ಲೆಕ್ಕ ಹಾಕಲಿ. ಮೊದಲ ವಾರದ ಆ ಕೆಂಪು ಗುರುತು ಇಲ್ಲಿ ಮತ್ತೆ ಎದುರಾಗುತ್ತದೆ.

ಮುಗಿದ ಮೇಲೆ ದರ್ಶಿನಿಗೆ ಕರೆದುಕೊಂಡು ಹೋಗಿ ಇಡ್ಲಿ-ವಡೆ ಕೊಡಿಸಿ. ನಿಂತು ತಿನ್ನುವ ಟೇಬಲ್ಲಿನ ಎತ್ತರವನ್ನು ಯಾರಾದರೂ ಅಳೆಯದೆ ಬಿಟ್ಟರೆ ಕೇಳಿ.

ಹಂತ 4: ನೀರಿನ ಹಿಂದೆ

ಗೋಲಿಯ ಕೆಲಸ ಈಗ. ರಸ್ತೆಯಲ್ಲಿ ಗಾಡಿ ಇಲ್ಲದ ಹೊತ್ತು ಫುಟ್‌ಪಾತ್ ಮೇಲೆ ಗೋಲಿ ಇಟ್ಟು ಬಿಡಿ. ಎತ್ತ ಉರುಳುತ್ತದೆ? ಹತ್ತು ಕಡೆ ಹೀಗೆ ಮಾಡಿ ಬಾಣದ ಗುರುತು ಹಾಕಿದರೆ ಆ ಬೀದಿಯ ಇಳಿಜಾರಿನ ನಕ್ಷೆ ಆಯಿತು. ಅನುಮಾನ ಇದ್ದ ಕಡೆ ಬಕೆಟ್ ನೀರು ಸುರಿಯಿರಿ. ಎಷ್ಟೋ ಸಲ ನೀರು ಚರಂಡಿಯ ಬಾಯಿಯಿಂದ ದೂರ ಓಡುತ್ತದೆ, ಯಾಕೆಂದರೆ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯೇ ಎತ್ತರ ಆಗಿರುತ್ತದೆ.

ಆಮೇಲೆ ಕೇಳಿ: ಈ ನೀರು ಮುಂದೆ ಎಲ್ಲಿಗೆ? ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಪಡುವಲಿಗೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ. ಮೂಡಲಿಗೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಇಲ್ಲದ ಊರಲ್ಲಿ ಹಿರಿಯರು ಕಣಿವೆಗೆ ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಹೀಗೆ ಸರಪಳಿ. ತೂಬು ತೆಗೆದು ಗದ್ದೆಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ನನ್ನ ಪ್ರಕಾರ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಯಾವ ದೇಶದಲ್ಲೂ ಬೇಕಿಲ್ಲ. ಇಲ್ಲೇ ಇದೆ, ಸಿಮೆಂಟಿನ ಕೆಳಗೆ.

ಫೋನ್ ಈಗ ತೆಗೆಯಬಹುದು. ದಿಶಾಂಕ್ ಅನ್ನುವ ಸರ್ಕಾರದ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ, ಕೆರೆ, ರಾಜಕಾಲುವೆಯ ಗುರುತೂ ಕಾಣುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷದ ಉಪಗ್ರಹ ಚಿತ್ರಕ್ಕೆ ಹಿಂದೆ ಸರಿಯಬಹುದು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಾಗಿತ್ತು ಅಂದಾಗ ಮಕ್ಕಳ ಕಣ್ಣು ಅಗಲ ಆಗುತ್ತದೆ. ಸಂಪಂಗಿ ಕೆರೆಯ ಒಂದು ಚೂರು ಕರಗದ ಆಚರಣೆಗಾಗಿ ಇವತ್ತಿಗೂ ಉಳಿದಿದೆ.

ಒಂದು ಲೆಕ್ಕ ಮಾಡಿಸಿ. 30x40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,100 ಲೀಟರ್ ನೀರು. ಮಣ್ಣಿದ್ದರೆ ಒಂದಿಷ್ಟು ಇಂಗುತ್ತಿತ್ತು. ಪೂರ್ತಿ ಟೈಲ್ಸ್ ಹಾಕಿದ ಮೇಲೆ ಹೆಚ್ಚುಕಮ್ಮಿ ಅಷ್ಟೂ ರಸ್ತೆಗೆ. ನಿಮ್ಮ ಬೀದಿಯಲ್ಲಿ ನಲವತ್ತು ಮನೆ ಇದ್ದರೆ? ಗಣಿತದ ಮೇಷ್ಟ್ರಿಗೂ ಈ ಪ್ರಶ್ನೆ ಇಷ್ಟವಾದೀತು.

ಸಾಧ್ಯವಾದರೆ ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ಕೆರೆಗೆ ಒಂದು ಬೆಳಿಗ್ಗೆ ಹೋಗಿ. ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಇನ್ನಷ್ಟು ತಿಳಿಯಾಗಿ ಸೇರುತ್ತದೆ. ಗಿಡಗಳಿಂದ ಕೆಲಸ ಮಾಡಿಸುವುದು ಅಂದರೆ ಏನು ಅಂತ ಬಾಯಲ್ಲಿ ಹೇಳುವುದಕ್ಕಿಂತ ಅಲ್ಲಿ ನಿಂತರೆ ಬೇಗ ತಿಳಿಯುತ್ತದೆ.

ಹಂತ 5: ಒಬ್ಬೊಬ್ಬರಿಗೆ ಒಂದು ಮರ

ಪ್ರತಿಯೊಬ್ಬರೂ ಬೀದಿಯ ಒಂದು ಮರ ಆರಿಸಿಕೊಳ್ಳಲಿ. ಹೊಂಗೆಯೋ, ಬೇವೋ, ಮಳೆಮರವೋ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ಅದರ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಬೇಕು. ಬೆಂಚು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಆಮೇಲೆ ವಾದವೇ ಇರುವುದಿಲ್ಲ. ಯಾರ ಹತ್ತಿರವಾದರೂ ಹಣೆಯ ಜ್ವರ ನೋಡುವುದಲ್ಲ, ನೆಲದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ತನ್ನಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿನ ಡಾಂಬರಿಗೂ ನೆರಳಿನ ಡಾಂಬರಿಗೂ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರುವುದು ಮಾಮೂಲು.

ಮರದ ಬುಡಕ್ಕೆ ಸಿಮೆಂಟ್ ಹಾಕಿ ಕುತ್ತಿಗೆ ಹಿಸುಕಿದ್ದಾರೋ ನೋಡಲಿ. ಅದನ್ನೂ ಅಳೆಯಲಿ.

ಲಾಲ್‌ಬಾಗಿಗೆ ಒಮ್ಮೆ ಹೋಗಿ, ಆದರೆ ಫ್ಲವರ್ ಶೋ ಸಮಯದಲ್ಲಿ ಬೇಡ, ತಲೆಗಳಷ್ಟೇ ಕಾಣುತ್ತವೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಅದು. 1908ರಲ್ಲಿ ಬರೋಡಾದಿಂದ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹೆರ್ಮನ್ ಕ್ರುಂಬಿಗಲ್ 1932ರವರೆಗೆ ಇಲ್ಲಿ ಕೆಲಸ ಮಾಡಿದರು. ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಬೀದಿಗಳಲ್ಲಿ ಬಣ್ಣ ಇರಬೇಕು ಅನ್ನುವ ಲೆಕ್ಕಾಚಾರ ಅವರದ್ದು. ಚಳಿಗಾಲದ ಕೊನೆಗೆ ಗುಲಾಬಿ ಟಬೂಬಿಯಾ, ಆಮೇಲೆ ನೇರಳೆ ಬಣ್ಣದ ಜಕರಂದಾ, ಬೇಸಿಗೆಗೆ ಕೆಂಪು ಗುಲ್‌ಮೊಹರ್. ಬೆಂಗಳೂರಿಗರು ಫೋಟೋ ಹಾಕುವ ಈ ಮೂರೂ ಹೊರದೇಶದವು, ಮೊದಲೆರಡು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ, ಗುಲ್‌ಮೊಹರ್ ಮಡಗಾಸ್ಕರಿನಿಂದ. ಹಾಗಾದರೆ ಹೊಂಗೆ, ಅತ್ತಿ, ನೇರಳೆ ನೆಡಬೇಕಿತ್ತೇ? ಈ ಜಗಳ ಮಕ್ಕಳಿಗೇ ಬಿಡಿ. ನಮ್ಮಲ್ಲಿ ಒಂದು ಗಂಟೆ ನಡೆಯಿತು, ಹಣ್ಣು ಬಿದ್ದು ಸ್ಕೂಟರ್ ಜಾರುವ ವಿಷಯದವರೆಗೆ ಹೋಯಿತು.

ಹಂತ 6: ಈಗ ಪೆನ್ಸಿಲ್

ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 1 ಮೀಟರ್ ಲೆಕ್ಕ. 100 ಮೀಟರ್ ಬೀದಿಗೆ ಹಾಳೆಗಳನ್ನು ಅಂಟಿಸಿ ಉದ್ದ ಪಟ್ಟಿ ಮಾಡಿಕೊಳ್ಳಿ. ಮೊದಲು ಇರುವುದನ್ನು ಇರುವಂತೆಯೇ ಬಿಡಿಸಬೇಕು. ಮೇಲಿನಿಂದ ನೋಡಿದ ನಕ್ಷೆ ಎಲ್ಲರಿಗೂ ಬರುತ್ತದೆ. ಕಷ್ಟ ಆಗುವುದು ಅಡ್ಡಕೊಯ್ತದ ಚಿತ್ರ. ಹಲಸಿನ ಹಣ್ಣನ್ನು ಅಡ್ಡ ಕೊಯ್ದರೆ ಸಿಪ್ಪೆ, ತೊಳೆ, ಬೀಜ, ನಡುವಿನ ದಿಂಡು ಒಂದರ ಪಕ್ಕ ಒಂದು ಕಾಣುತ್ತದಲ್ಲ, ಹಾಗೆ ಬೀದಿಯನ್ನು ಕೊಯ್ದಂತೆ ಅಂತ ಹೇಳಿ. ಕಾಂಪೌಂಡ್, ಫುಟ್‌ಪಾತ್, ಅದರ ಕೆಳಗಿನ ಚರಂಡಿ, ಮರ, ಅದರ ಬೇರು, ರಸ್ತೆ. ಬೇರಿಗೆ ಜಾಗವೇ ಇಲ್ಲ ಅಂತ ಆ ಚಿತ್ರದಲ್ಲಿ ಮೊದಲ ಸಲ ಕಾಣುತ್ತದೆ.

ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಮೂರೇ ಮೂರು ಬದಲಾವಣೆ ಮಾಡಲು ಬಿಡಿ. ಮೂರಕ್ಕಿಂತ ಜಾಸ್ತಿ ಇಲ್ಲ. ಹೀಗೆ ಕಟ್ಟುಪಾಡು ಹಾಕದಿದ್ದರೆ ಕಾರಂಜಿ ವಾಪಸ್ ಬರುತ್ತದೆ.

ಮಾಡೆಲ್ ಮಾಡಲು ದುಡ್ಡು ಖರ್ಚು ಬೇಡ. ರಟ್ಟಿನ ಡಬ್ಬಿ, ಮರಕ್ಕೆ ಒಣಗಿದ ಹೀರೆಕಾಯಿಯ ನಾರು, ಕಾಂಡಕ್ಕೆ ಪೊರಕೆ ಕಡ್ಡಿ. ಜನರನ್ನು ಮರೆಯಬೇಡಿ, 1.7 ಸೆಂಟಿಮೀಟರ್ ಎತ್ತರದ ಕಾಗದದ ಬೊಂಬೆಗಳು. ಬೊಂಬೆ ಇಟ್ಟ ಕೂಡಲೇ ತಮ್ಮ ಬೆಂಚು ಎರಡಾಳೆತ್ತರ ಆಗಿದೆ ಅಂತ ಒಬ್ಬರಿಗಾದರೂ ಗೊತ್ತಾಗುತ್ತದೆ.

ಕಂಪ್ಯೂಟರಿನ ಹುಚ್ಚಿರುವವರು, ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಮಾಡುತ್ತೇನೆ ಅಂದರೆ ಬೇಡ ಅನ್ನಬೇಡಿ. ವಿಶ್ವಸಂಸ್ಥೆಯ ನಗರ-ವಸತಿ ಸಂಸ್ಥೆ ಯುಎನ್-ಹ್ಯಾಬಿಟಾಟ್ 2012ರಿಂದ ಈ ಆಟವನ್ನೇ ಬಳಸಿ ಬೇರೆ ಬೇರೆ ದೇಶಗಳಲ್ಲಿ ಜನರ ಕೈಯಲ್ಲಿ ತಮ್ಮ ಮೈದಾನ, ಪಾರ್ಕ್ ಯೋಜನೆ ಮಾಡಿಸುತ್ತಿದೆ. ಒಂದು ತೊಡಕಿದೆ: ಅಲ್ಲಿ ಒಂದು ಬ್ಲಾಕ್ ಒಂದು ಮೀಟರ್. ಅರ್ಧ ಬ್ಲಾಕ್ ಇಟ್ಟರೂ 50 ಸೆಂಟಿಮೀಟರ್. 15 ಸೆಂಟಿಮೀಟರಿನ ಅಂಚುಗಲ್ಲು ಅದರಲ್ಲಿ ಬರುವುದಿಲ್ಲ. ನಮ್ಮ ಊರಿನ ಅರ್ಧ ಕಷ್ಟ ಇರುವುದೇ ಆ ಹದಿನೈದು ಸೆಂಟಿಮೀಟರಿನಲ್ಲಿ.

ಹಂತ 7: ಒಂದು ಹಾಳೆ, ಒಂದು ಕೋರಿಕೆ

ಇಲ್ಲಿಗೇ ನಿಲ್ಲಿಸಿ ಪ್ರದರ್ಶನ ಮಾಡಿ, ಸರ್ಟಿಫಿಕೇಟ್ ಕೊಟ್ಟು ಕಳಿಸಿಬಿಡುವವರು ಇದ್ದಾರೆ. ಬೇಡ. ಮಾಡಿದ ಮೂರು ಬದಲಾವಣೆಗಳಲ್ಲಿ ತೀರಾ ಚಿಕ್ಕದು ಯಾವುದು ಅಂತ ಆರಿಸಿ. ಒಂದು ಮುರಿದ ಚಪ್ಪಡಿ, ಉರಿಯದ ಒಂದು ಬೀದಿ ದೀಪ, ಸಿಮೆಂಟಿನಲ್ಲಿ ಹೂತ ಒಂದು ಮರದ ಬುಡ. ಒಂದೇ ಹಾಳೆಯಲ್ಲಿ ಫೋಟೋ, ಅಳತೆ ಹಾಕಿದ ಚಿತ್ರ, ಎರಡು ಸಾಲಿನ ಕೋರಿಕೆ. ಬೆಂಗಳೂರಿನಲ್ಲಾದರೆ ಈಗ ಐದು ಪಾಲಿಕೆಗಳಿವೆ, ನಿಮ್ಮದು ಯಾವುದು ಅಂತ ಮೊದಲು ನೋಡಿ, ವಾರ್ಡ್ ಎಂಜಿನಿಯರ್‌ಗೆ ಕೊಡಿ. ಮಕ್ಕಳೇ ಹೋಗಿ ಕೊಡಲಿ. ನಮ್ಮ ಮಕ್ಕಳು ಕೊಟ್ಟ ಹಾಳೆಯನ್ನು ಎಂಜಿನಿಯರ್ ಎರಡು ಸಲ ತಿರುಗಿಸಿ ನೋಡಿ "ಇದನ್ನ ನೀವೇ ಅಳೆದ್ರಾ?" ಅಂದರು. ಹದಿನೇಳರಲ್ಲಿ ಎರಡು ಅಡ್ಡಗೆರೆ ಅಳಿಸಿತು. ಉಳಿದ ಹದಿನೈದು ಹಾಗೇ ಇವೆ. ಅದನ್ನೂ ಮಕ್ಕಳಿಗೆ ಮುಚ್ಚಿಡಬೇಡಿ.

ಮರದ ಬುಡದ ಸಿಮೆಂಟ್ ಒಡೆಯಲು ನೀವೇ ಗುದ್ದಲಿ ಹಿಡಿಯಬೇಡಿ, ಕೆಳಗೆ ಕೇಬಲ್ ಇರುತ್ತದೆ. ಕೊಂಬೆ ಕಡಿಯುವುದಕ್ಕಂತೂ ಅನುಮತಿ ಬೇಕೇ ಬೇಕು, ಕರ್ನಾಟಕದಲ್ಲಿ 1976ರಿಂದಲೇ ಮರ ಸಂರಕ್ಷಣೆಯ ಕಾಯ್ದೆ ಇದೆ.

ಊರು ಚಿಕ್ಕದಾದರೆ

ತಾಲ್ಲೂಕು ಕೇಂದ್ರದಲ್ಲೋ ಹಳ್ಳಿಯಲ್ಲೋ ಇದ್ದರೆ ಕೆಲಸ ಇನ್ನೂ ಸುಲಭ. ಸಂತೆ ಮೈದಾನವನ್ನು ಸಂತೆಯ ದಿನ ಒಮ್ಮೆ, ಖಾಲಿ ದಿನ ಒಮ್ಮೆ ಬಿಡಿಸಿ. ಒಂದೇ ಜಾಗ, ಎರಡು ಊರು. ಕಲ್ಯಾಣಿ ಇದ್ದರೆ ಮೆಟ್ಟಿಲು ಅಳೆಯಿರಿ. ಕೆರೆ ಏರಿಯ ಮೇಲೆ ನಡೆದು ತೂಬು, ಕೋಡಿ ಹುಡುಕಿ.

ಅಪ್ಪ-ಅಮ್ಮ ಕೇಳುವ ಪ್ರಶ್ನೆ

"ಇದರಲ್ಲಿ ಸ್ಕೋಪ್ ಇದೆಯಾ?" ಕೇಳಿಯೇ ಕೇಳುತ್ತಾರೆ. ದಾರಿ ಹೀಗಿದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಲಿ. ಆರ್ಕಿಟೆಕ್ಚರ್ ಪ್ರವೇಶಕ್ಕಿರುವ ನಾಟಾ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್, ಆಮೇಲೆ ಎರಡು ವರ್ಷ ಲ್ಯಾಂಡ್‌ಸ್ಕೇಪ್ ಅಥವಾ ಅರ್ಬನ್ ಡಿಸೈನ್‌ನಲ್ಲಿ ಸ್ನಾತಕೋತ್ತರ. ನೇರವಾಗಿ ಯೋಜನೆಗೇ ಹೋಗುವವರಿಗೆ ನಾಲ್ಕು ವರ್ಷದ ಬಿ.ಪ್ಲಾನಿಂಗ್ ಇದೆ, ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ಗಳಿಗೆ ಜೆಇಇ ಮೇನ್‌ನ ಎರಡನೇ ಪತ್ರಿಕೆ ಬರೆಯಬೇಕು. ಗಿಡದ ಕಡೆ ಮನಸ್ಸಿರುವವರಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಹತ್ತು ಮಕ್ಕಳಲ್ಲಿ ಒಬ್ಬರು ಈ ಕಡೆ ಬಂದರೆ ಜಾಸ್ತಿ. ಉಳಿದವರು ಎಂಜಿನಿಯರೋ, ಡಾಕ್ಟರೋ, ಕಾರ್ಪೊರೇಟರೋ ಆಗುತ್ತಾರೆ. ಕಾರ್ಪೊರೇಟರ್ ಆದರೆ ನನಗೆ ಇನ್ನೂ ಖುಷಿ.

ಕೊನೆಯದಾಗಿ ಒಂದು ದಿನಾಂಕ ಹಾಕಿಕೊಳ್ಳಿ. ಮಳೆಗಾಲದ ಮೊದಲ ಜೋರು ಮಳೆ ಬಂದ ದಿನ ಎಲ್ಲರೂ ಅದೇ ನೂರು ಮೀಟರಿನ ಹತ್ತಿರ ಸೇರುವುದು ಅಂತ. ಗುಡುಗು ಸಿಡಿಲು ನಿಂತ ಮೇಲೆ. ಛತ್ರಿ, ಒಂದು ಜೊತೆ ಬಟ್ಟೆ, ಮತ್ತೆ ಗೋಲಿಯ ಬಾಣಗಳಿರುವ ಆ ನಕ್ಷೆ ಪ್ಲಾಸ್ಟಿಕ್ ಕವರಿನಲ್ಲಿ. ನೀರು ಬಾಣದ ಪ್ರಕಾರ ಹೋಗುತ್ತಿದೆಯೋ ಇಲ್ಲವೋ ನೋಡಿ, ತಪ್ಪಿದ್ದ ಕಡೆ ಅಲ್ಲೇ ತಿದ್ದಿಸಿ.